ಮಣ್ಣಿಗೂ ಉಸಿರು ಬೇಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಹಿತ್ತಲಿದ್ದರೆ ಅಲ್ಲಿ ಒಂದೆರಡು ತೆಂಗಿನ ಮರ ಇದ್ದೇ ಇರುತ್ತವೆ. ಅದರ ಮಗ್ಗುಲಲ್ಲೇ ಹುಲ್ಲುಹಾಸು ಬೆಳೆಸುವವರೂ ಉಂಟು. ಮೊದಮೊದಲು ಕಣ್ಣಿಗೆ ತಂಪಾಗಿದ್ದ ಹುಲ್ಲು ಕ್ರಮೇಣ ಅಲ್ಲಲ್ಲಿ ಬೋಳಾಗುತ್ತದೆ, ಮರವೂ ಸೊರಗುತ್ತದೆ. “ನೀರಿಗೆ, ಗೊಬ್ಬರಕ್ಕೆ ಕಡಿಮೆ ಮಾಡಿಲ್ಲವಲ್ಲ!” ಎಂದು ತಾವು ಅಚ್ಚರಿಪಡಬಹುದು. ಕಡಿಮೆಯಾದದ್ದು ಗಾಳಿ ಇರಬಹುದು.

ಹದವಾದ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧ ಪಾಲು ಬರಿಯ ಸಂದುಗಳೇ. ಅವುಗಳಲ್ಲಿ ನೀರೂ ಗಾಳಿಯೂ ಇರುತ್ತವೆ. ಬೇರುಗಳು ಆ ಗಾಳಿಯ ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ. ಜನರ ಓಡಾಟ, ವಾಹನಗಳ ಭಾರಗಳಿಂದ ನೆಲ ಗಟ್ಟಿಯಾದರೆ ಸಂದುಗಳು ಮುಚ್ಚಿಹೋಗುತ್ತವೆ. ಸುರಿದ ನೀರು ಇಂಗದೆ ಹರಿದುಹೋಗುತ್ತದೆ.

ಪರೀಕ್ಷೆ ಸುಲಭ. ನೆಲ ಹಸಿಯಾಗಿರುವಾಗ ಒಂದು ಉದ್ದನೆಯ ಮೊಳೆಯನ್ನು ಕೈಯಿಂದ ಒತ್ತಿರಿ. ಇಳಿಯಲು ಹಟ ಮಾಡಿದರೆ ಮಣ್ಣು ಬಿಗಿದಿದೆಯೆಂದು ತಿಳಿಯಿರಿ.

ಮಳೆಗಾಲದಲ್ಲಿ ಹುಲ್ಲು ಚಿಗುರುವಾಗ, ನೆಲ ಕೆಸರಾಗಿರದೆ ಹದವಾಗಿರುವ ದಿನ ನೋಡಿ, ಹಲ್ಲಿರುವ ತೋಟದ ಕವೆಯಿಂದ ಮೂರು ನಾಲ್ಕು ಅಂಗುಲ ಆಳಕ್ಕೆ, ಅಷ್ಟೇ ಅಂತರದಲ್ಲಿ ಚುಚ್ಚಿರಿ. ಜೇಡಿ ನೆಲಕ್ಕೆ ಮಣ್ಣಿನ ತುಂಡನ್ನೇ ಎತ್ತಿ ತೆಗೆಯುವ ಟೊಳ್ಳು ಹಲ್ಲಿನ ಸಾಧನ ಮೇಲು. ಬರಿದೆ ಚುಚ್ಚಿದರೆ ತೂತಿನ ಗೋಡೆ ಇನ್ನಷ್ಟು ಬಿಗಿಯುವುದುಂಟು. ಬಳಿಕ ಜರಡಿ ಹಿಡಿದ ಕಳಿತ ಗೊಬ್ಬರವನ್ನು ತೆಳುವಾಗಿ ಹರಡಿ ನೀರು ಚಿಮುಕಿಸಿರಿ.

ತೆಂಗಿನ ಬುಡಕ್ಕೆ ಮಾತ್ರ ಈ ಕ್ರಮ ಸಲ್ಲದು. ಅದರ ಬೇರುಗಳಲ್ಲಿ ಬಹುಪಾಲು ಬುಡದಿಂದ ಸುಮಾರು ಆರಡಿಯೊಳಗೇ ಹರಡಿರುತ್ತವೆ. ತೆಂಗಿಗೆ ತಾಯಿಬೇರಿಲ್ಲ, ಬೇರುಗಳಿಗೆ ರೋಮಗಳೂ ಇಲ್ಲ. ಆದರೆ ಗಾಳಿ ಸೇವಿಸಲೆಂದೇ ಬಿಳಿಯ ಸಣ್ಣ ಉಸಿರುಬೇರುಗಳುಂಟು. ಆದಕಾರಣ ಅಲ್ಲಿ ಆಳವಾಗಿ ಅಗೆಯಕೂಡದು. ಆರಡಿ ಸುತ್ತಳತೆಯ ಪಾತಿಯನ್ನಲ್ಲ, ಬುಡದಿಂದ ಆರಡಿ ದೂರದವರೆಗಿನ ಪಾತಿಯನ್ನು ಮಳೆಗಾಲದ ಆರಂಭದಲ್ಲಿ ಮೆಲ್ಲಗೆ ಬಿಡಿಸಿ, ಹೊಂಗೆಸೊಪ್ಪು, ಕೊಟ್ಟಿಗೆ ಗೊಬ್ಬರ ಹಾಕಿ ಮುಚ್ಚಿರಿ. ಬೇಸಗೆಯಲ್ಲಿ ತೆಂಗಿನ ಸಿಪ್ಪೆಯನ್ನು ಹೊರಮೈ ಮೇಲಾಗುವಂತೆ ಹೊದಿಸಿದರೆ ತೇವ ಉಳಿಯುತ್ತದೆ. ಸೊಪ್ಪು ಕೊಳೆತಲ್ಲಿ ಎರೆಹುಳು ಬಂದು ನೆಲವನ್ನು ತಾನೇ ಸಡಿಲಿಸುತ್ತದೆ.

ಅಂಗಳ ಚೊಕ್ಕಟವಾಗಿರಲೆಂದು ಮರದ ಬುಡದವರೆಗೂ ಸಿಮೆಂಟು ಬಳಿಸುವ ಮುನ್ನ ಒಂದು ಕ್ಷಣ ಯೋಚಿಸಿರಿ. ಹಿರಿಯರು ನೆಟ್ಟ ಮರ ದಶಕಗಟ್ಟಲೆ ಕಾಯಿ ಕೊಡಬಲ್ಲದು. ಅದು ತಮ್ಮಿಂದ ಕೇಳುವುದು ಆರಡಿ ತೆರೆದ ನೆಲವನ್ನು ಮಾತ್ರ.