ಹಿಮದ ಮನೆಯೊಳಗಿನ ಬೆಳಕು

ಕ್ಯಾಮೆರಾ ಸುಳ್ಳಾಡದೆಂಬುದು ರೂಢಿಯ ಮಾತು. 1922ರಲ್ಲಿ ರಾಬರ್ಟ್ ಫ್ಲಾಹರ್ಟಿ ತೆರೆಗೆ ತಂದ ‘ನಾನೂಕ್ ಆಫ್ ದಿ ನಾರ್ತ್’ ಎಂಬ ಸಾಕ್ಷ್ಯಚಿತ್ರದಲ್ಲಿ, ಕೆನಡದ ಹಡ್ಸನ್ ಕೊಲ್ಲಿಯ ತೀರದ ಇನ್ಯುಯಿಟ್ ಸಂಸಾರವೊಂದು ಹಿಮದ ಮನೆಯೊಳಗೆ ಮಲಗುವುದನ್ನು ಕಾಣುತ್ತೇವೆ. ಆದರೆ ಅಲ್ಲಿನ ಮಂದ ಬೆಳಕು ಅಂದಿನ ಫಿಲ್ಮಿಗೆ ಸಾಲದು. ಆದುದರಿಂದ ಒಂದು ಪಾರ್ಶ್ವ ತೆರೆದಿರುವ ಅರ್ಧ ಮನೆಯನ್ನೇ ಕಟ್ಟಿಸಿ, ಕೊರೆಯುವ ಚಳಿಯಲ್ಲಿ ಅವರಿಂದ ನಟನೆ ಮಾಡಿಸಲಾಯಿತು.

ಇದು ಭೌತನಿಯಮದ ಕಟ್ಟೆನ್ನೋಣ. ಬೇಟೆಯ ದೃಶ್ಯಕ್ಕೆ ಆ ಸಮಾಧಾನವಿಲ್ಲ. ಆಗಲೇ ಬಂದೂಕು ಬಳಸುತ್ತಿದ್ದವರ ಕೈಗೆ ಪೂರ್ವಿಕರ ಈಟಿಯನ್ನು ಕೊಡಲಾಯಿತು. ನಾನೂಕನೆಂಬ ಹೆಸರೂ ಚಿತ್ರದ್ದೇ. ಆತನ ನಿಜನಾಮ ಅಲ್ಲಕರಿಯಲ್ಲಕ್. ವ್ಯಾಪಾರವು ತಂದ ಬದಲಾವಣೆಯನ್ನು ಮರೆಸಿ, ಅವರನ್ನು ನಿಸರ್ಗದ ಮುಗ್ಧ ಮಕ್ಕಳೆಂದು ತೋರಿಸಿದ ಈ ಚಿತ್ರಕ್ಕೆ ಹಣವೊದಗಿಸಿದುದು, ಅಲ್ಲಿಯ ತುಪ್ಪುಳುಚರ್ಮದ ವ್ಯಾಪಾರದಲ್ಲಿ ತೊಡಗಿದ್ದ ರೆವಿಯೋನ್ ಫ್ರೇರ್ ಎಂಬ ಫ್ರೆಂಚ್ ಕಂಪನಿ!

ಮಸೂರವು ಎದುರಿಗಿದ್ದುದನ್ನಷ್ಟೇ ಬಿಂಬಿಸುತ್ತದೆ. ಬೆಳಕು ಎಲ್ಲಿಂದ ಬಂತೆಂದು ಕೇಳುವ ವಿದ್ಯಾರ್ಥಿ, ಹಣವೆಲ್ಲಿಂದ ಬಂತೆಂದೂ ಕೇಳಬೇಕು.