ನಿಟ್ಟೂರಿನ ಪಕ್ಕದ ಖಾಲಿ ಜಾಗ

ಕರ್ನಾಟಕದಲ್ಲಿ ನಿಟ್ಟೂರು ಒಂದೇ ಅಲ್ಲ. ಹೊಸನಗರ ತಾಲ್ಲೂಕಿನಲ್ಲೊಂದು, ಗುಬ್ಬಿ ತಾಲ್ಲೂಕಿನಲ್ಲೊಂದು, ಅಶೋಕನ ಶಾಸನ ಸಿಕ್ಕಿದ ಬಳ್ಳಾರಿ ಸೀಮೆಯ ನಿಟ್ಟೂರು ಮತ್ತೊಂದು. ಯಾರೋ ಅಡಿಕೆ ಲೆಕ್ಕದ ಫೈಲಿಗೆ ಗೊಂದಲ ಬೇಡವೆಂದು ‘ನಿಟ್ಟೂರು ಹೊಸನಗರ’ ಎಂದೇ ಹೆಸರಿಟ್ಟರು ಎನ್ನಿ. ಓದುವವರಿಗೆ ಅದು ಒಂದೇ ಊರು. ಲಿನಕ್ಸ್‌ನ ಶೆಲ್‌ಗೆ ಎರಡು ಫೈಲು.

ಟೈಪಿಸಿದ ಆಜ್ಞೆಯನ್ನು ಓದಿ ಕೆಲಸ ಮಾಡಿಸುವ ಪ್ರೋಗ್ರಾಂ ಶೆಲ್. ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟರೆ ಸ್ಕ್ರಿಪ್ಟ್. ಆ ಹೆಸರನ್ನು ‘ಎಫ್’ ಎಂಬ ವೇರಿಯಬಲ್‌ನಲ್ಲಿಟ್ಟು, ಅಳಿಸಲು ‘ಆರ್‌ಎಂ $ಎಫ್’ ಎಂದು ಬರೆದರೆ ಶೆಲ್ ಮೊದಲು $ಎಫ್ ಇದ್ದಲ್ಲಿ ಹೆಸರನ್ನು ತಂದಿಡುತ್ತದೆ. ಆಮೇಲೆ ಸ್ಪೇಸ್, ಟ್ಯಾಬ್, ಹೊಸ ಸಾಲು ಕಂಡಲ್ಲೆಲ್ಲ ಕತ್ತರಿಸುತ್ತದೆ. ಆರ್‌ಎಂ ಕೈಗೆ ಸಿಗುವುದು ‘ನಿಟ್ಟೂರು’, ‘ಹೊಸನಗರ’ ಎಂಬ ಎರಡು ಚೂರು. ಅಲ್ಲೇ ಬರೀ ‘ಹೊಸನಗರ’ ಎಂಬ ಇನ್ನೊಂದು ಫೈಲ್ ಇದ್ದರೆ ಅದು ಹೋಯಿತು. ಅಳಿಸಬೇಕಾದ್ದು ಹಾಗೇ ಉಳಿಯಿತು. ‘ಆರ್‌ಎಂ "$ಎಫ್"’ ಎಂದು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದರೆ ಹೆಸರು ಇಡಿಯಾಗಿ ದಾಟುತ್ತಿತ್ತು.

ಕನ್ನಡದಲ್ಲಿ ಹೆಸರಿಟ್ಟದ್ದೇ ತಪ್ಪು ಎನ್ನುವವರುಂಟು. ಪಾಪ, ಕನ್ನಡ ಏನು ಮಾಡೀತು! ಇಂಗ್ಲಿಷ್‌ನಲ್ಲಿ ಬರೆದರೂ ನಡುವೆ ಸ್ಪೇಸ್ ಇದ್ದರೆ ಇದೇ ಗತಿ.

ಬೆಲ್ ಲ್ಯಾಬ್ಸ್‌ನ ಸ್ಟೀವ್ ಬೋರ್ನ್ ಬರೆದ ಶೆಲ್ 1979ರಲ್ಲಿ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ 7ನೇ ಆವೃತ್ತಿಯೊಂದಿಗೆ ಹೊರಬಂತು. ಅದರಲ್ಲಿ ಹಲವು ಹೆಸರುಗಳನ್ನು ಬಿಡಿಬಿಡಿಯಾಗಿ ಇಡುವ ಪಟ್ಟಿ, ಅಂದರೆ ‘ಅರೇ’, ಇರಲಿಲ್ಲ. ಹತ್ತು ಹೆಸರನ್ನು ಸ್ಪೇಸ್ ಕೊಟ್ಟು ಒಂದೇ ವೇರಿಯಬಲ್‌ಗೆ ತುಂಬಿ, ಬೇಕಾದಾಗ ಬಿಡಿಸಿಕೊಳ್ಳುವುದಕ್ಕೆ ಈ ಕತ್ತರಿ ಅನುಕೂಲವೇ ಆಗಿತ್ತು. ಫೈಲ್ ಹೆಸರಿಗೆ 14 ಅಕ್ಷರಗಳ ಮಿತಿ ಇದ್ದ ಕಾಲದಲ್ಲಿ ಒಂದನ್ನು ಸ್ಪೇಸಿಗೆ ದಂಡ ಮಾಡುವವರಾದರೂ ಯಾರು? 1989ರಲ್ಲಿ ಬಂದ ಬ್ಯಾಶ್ ಎಂಬ ಶೆಲ್ ಅದೇ ಪದ್ಧತಿಯನ್ನು ಮುಂದುವರಿಸಿತು. ಬದಲಿಸಿದ್ದರೆ ಹಳೆಯ ಸ್ಕ್ರಿಪ್ಟ್‌ಗಳು ಮುರಿದುಬೀಳುತ್ತಿದ್ದವು. ಅಪ್ಪ ಹಾಕಿದ ಆಲದ ಮರ.

ಆ ಮರಕ್ಕೆ ದೊಡ್ಡವರೂ ಜೋತುಬಿದ್ದಿದ್ದಾರೆ. 2001ರ ನವೆಂಬರ್‌ನಲ್ಲಿ ಆಪಲ್ ಬಿಟ್ಟ ಐಟ್ಯೂನ್ಸ್ 2.0ರ ಇನ್‌ಸ್ಟಾಲರ್ ಸ್ಕ್ರಿಪ್ಟ್‌ನಲ್ಲಿ ಉದ್ಧರಣ ಚಿಹ್ನೆಯೇ ಇರಲಿಲ್ಲ. ಡಿಸ್ಕಿನ ಹೆಸರಿನಲ್ಲಿ ಸ್ಪೇಸ್ ಇಟ್ಟುಕೊಂಡಿದ್ದ ಕೆಲವರ ದತ್ತಾಂಶವೇ ಅಳಿಸಿಹೋಯಿತು. ಕಂಪನಿ ಅದನ್ನು ಹಿಂದಕ್ಕೆ ಪಡೆದು 2.0.1 ಹೊರತಂದಿತು.

1990ರಲ್ಲಿ ಬಂದ ಝೆಡ್ ಶೆಲ್ ಮಾತ್ರ ವೇರಿಯಬಲ್ ಅನ್ನು ತಾನಾಗಿ ಕತ್ತರಿಸುವುದಿಲ್ಲ. 2019ರಿಂದ ಮ್ಯಾಕ್‌ನಲ್ಲಿ ಅದೇ ಮೊದಲ ಆಯ್ಕೆ. ಅಲ್ಲಿ ಕಲಿತವರು ಚಿಹ್ನೆಯಿಲ್ಲದೆ ಬರೆದರೂ ‘ನಿಟ್ಟೂರು ಹೊಸನಗರ’ ಒಂದಾಗಿಯೇ ಇರುತ್ತದೆ. ಅದೇ ಸಾಲು ಆಫೀಸಿನ ಲಿನಕ್ಸ್ ಸರ್ವರ್‌ನಲ್ಲಿ ಬ್ಯಾಶ್ ಕೈಗೆ ಸಿಕ್ಕ ದಿನ ಮತ್ತೆ ಎರಡಾಗುತ್ತದೆ.