ಕಬಿನಿಯ ಹಿನ್ನೀರಿಗೆ ಎಷ್ಟುದ್ದದ ಲೆನ್ಸು ಬೇಕು?

ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಸೀಮೆಯಲ್ಲಿರುವ ಕಬಿನಿ ಹಿನ್ನೀರಿನ ದಂಡೆಗಳು ದೇಶದ ದುಬಾರಿ ವನ್ಯಜೀವಿ ಪ್ರವಾಸದ ತಾಣಗಳ ಸಾಲಿಗೆ ಸೇರಿ ಬಹುಕಾಲವಾಯಿತು. ಇಲ್ಲಿನ ಮೇಲ್ದರ್ಜೆಯ ರೆಸಾರ್ಟುಗಳಲ್ಲಿ ಒಂದು ರಾತ್ರಿ ತಂಗಲು ಹತ್ತಾರು ಸಾವಿರ ರೂಪಾಯಿ ತೆರುವ ಪ್ರವಾಸಿಗರಲ್ಲಿ ಅನೇಕರು ಅದಕ್ಕಿಂತ ಎಷ್ಟೋ ಪಟ್ಟು ಬೆಲೆಬಾಳುವ ಕ್ಯಾಮೆರಾ, ಲೆನ್ಸುಗಳನ್ನು ಹೊತ್ತು ಬರುತ್ತಾರೆ. ಖಾಸಗಿ ಈಜುಕೊಳ, ಆಯುರ್ವೇದದ ಆರೈಕೆ, ನೀರಿನಂಚಿನ ಊಟದ ಮೇಜು ಇವೆಲ್ಲ ಹಣ ಕೊಟ್ಟರೆ ಬೇರೆ ಊರುಗಳಲ್ಲೂ ದೊರೆಯುವಂಥವು. ಬೆಳಿಗ್ಗೆ ಮತ್ತು ಸಂಜೆ ಸುಮಾರು ಮೂರು ಮೂರು ಗಂಟೆಗಳ ಕಾಲ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲೇ, ನಾಗರಹೊಳೆಯ ಕಾಡಿನೊಳಗೆ ಇರಬಹುದಾದ ಅವಕಾಶವೇ ಕಬಿನಿಯಲ್ಲಿ ಸಿಗುವ ನಿಜವಾದ ಸಿರಿ. ಆದ್ದರಿಂದ ಇಲ್ಲಿಗೆ ತರುವ ಛಾಯಾಗ್ರಹಣ ಸಲಕರಣೆಯನ್ನು ಪ್ರಾಣಿ ಎಷ್ಟು ದೂರದಲ್ಲಿರುತ್ತದೆ ಎಂಬ ಲೆಕ್ಕಕ್ಕಿಂತ ಆ ಹೊತ್ತಿನ ಬೆಳಕು ಎಷ್ಟಿರುತ್ತದೆ ಎಂಬ ಲೆಕ್ಕದ ಮೇಲೆ ಆರಿಸಿಕೊಳ್ಳುವುದು ವಿವೇಕದ ಕೆಲಸ.

ಈ ಪ್ರವಾಸದ ಹಿಂದೆ ಒಂದು ಚರಿತ್ರೆಯಿದೆ. ವಯನಾಡಿನಲ್ಲಿ ಹುಟ್ಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಕಬಿನಿಯ ದಡದ ಕಾಕನಕೋಟೆಯ ಕಾಡುಗಳು ಮೈಸೂರು ಅರಸರ ಕಾಲದಲ್ಲಿ ಖೆಡ್ಡಾಕ್ಕೆ, ಅಂದರೆ ಕಾಡಾನೆಗಳ ಹಿಂಡನ್ನು ಸುತ್ತುವರಿದು ಅಟ್ಟಿ ದಿಮ್ಮಿಗಳ ಆವರಣದಲ್ಲಿ ಕೂಡಿಹಾಕಿ ಹಿಡಿಯುವ ಕಾರ್ಯಾಚರಣೆಗೆ, ಹೆಸರಾಗಿದ್ದವು. ಬ್ರಿಟಿಷ್ ಗಣ್ಯರಿಗೆ ಅದೊಂದು ರಾಜಾತಿಥ್ಯದ ನೋಟವೂ ಆಗಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು, 1974ರಲ್ಲಿ ಕಬಿನಿಗೆ ಅಣೆಕಟ್ಟೆ ಪೂರ್ಣಗೊಂಡು ಕಣಿವೆಯ ಕಾಡು, ಊರುಗಳು ಮುಳುಗಿದವು, 1980ರಲ್ಲಿ ಸ್ಥಾಪನೆಯಾದ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಅರಸರ ಕಾಲದ ಬೇಟೆ ಬಂಗಲೆಯಿದ್ದ ಕಾರಾಪುರದಲ್ಲಿ ಅತಿಥಿಗೃಹವನ್ನು ತೆರೆಯಿತು. ಬಹುಕಾಲ ಅಲ್ಲಿಯೇ ನೆಲೆಸಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಕಬಿನಿಯ ಹೆಸರನ್ನು ಹೊರನಾಡುಗಳಿಗೆ ಒಯ್ದವರಲ್ಲಿ ಪ್ರಮುಖರು. ಹತ್ತೇ ವರ್ಷಗಳ ಅಂತರದಲ್ಲಿ ಬಂದೂಕು, ಹಗ್ಗಗಳ ಕಾಡು ಕ್ಯಾಮೆರಾದ ಕಾಡಾಯಿತು ಎಂಬುದು ಕರ್ನಾಟಕದ ವನ್ಯಜೀವಿ ಚರಿತ್ರೆಯ ಹೆಮ್ಮೆಯ ಸಂಗತಿ.

ಆ ಹೆಮ್ಮೆಯ ಜೊತೆಗೆ ಇನ್ನೊಂದನ್ನೂ ಹೇಳಬೇಕು. ಈ ಕಾಡಿನ ಮೂಲನಿವಾಸಿಗಳಾದ ಜೇನುಕುರುಬರು ಮತ್ತು ಕಾಡುಕುರುಬರಲ್ಲಿ ಹೆಚ್ಚಿನವರು ಅಣೆಕಟ್ಟೆ ಹಾಗೂ ಅಭಯಾರಣ್ಯಗಳ ಕಾರಣದಿಂದ ಕಾಡಿನಿಂದ ಹೊರಬಂದು ಅಂಚಿನ ಹಾಡಿಗಳಲ್ಲಿ ಬದುಕುತ್ತಿದ್ದಾರೆ. ಹಿನ್ನೀರಿನ ದಂಡೆಯ ಎವಾಲ್ವ್ ಬ್ಯಾಕ್ ರೆಸಾರ್ಟು ತನ್ನ ಕೊಠಡಿಗಳಿಗೆ ಕುರುಬರ ಹಾಡಿಯ ಗುಡಿಸಲುಗಳನ್ನೇ ಮಾದರಿಯಾಗಿ ಇಟ್ಟುಕೊಂಡಿದೆ. ಅಂಥ ಸೂರಿನ ಕೆಳಗೆ ಮಲಗುವ ಅತಿಥಿಗೆ ಆ ಸೂರಿನ ಮೂಲ ಯಾರದೆಂಬುದು ಗೊತ್ತಿರಬೇಕು.

ಯಾವ ರೆಸಾರ್ಟಿನಲ್ಲಿ ಉಳಿದರೂ ಖಾಸಗಿ ವಾಹನದಲ್ಲಿ ಸಫಾರಿಗೆ ಹೋಗುವಂತಿಲ್ಲ. ರೆಸಾರ್ಟಿನ ಅತಿಥಿಗಳು ಜಂಗಲ್ ಲಾಡ್ಜಸ್ ನಡೆಸುವ ಜೀಪು ಮತ್ತು ದೋಣಿಗಳನ್ನೇ ಹತ್ತಬೇಕು. ಅರಣ್ಯ ಇಲಾಖೆ ದಮ್ಮನಕಟ್ಟೆಯಿಂದ ಬೇರೆಯಾಗಿ ಬಸ್ಸಿನ ಸಫಾರಿಯನ್ನು ನಡೆಸುತ್ತದೆ. ಹುಲಿ ದಾರಿ ದಾಟಿದರೆ ದುಬಾರಿ ಕೊಠಡಿಯವರಿಗೂ ಬಸ್ಸಿನವರಿಗೂ ಕಾಣುವುದು ಒಂದೇ ಹುಲಿ, ಸಿಗುವುದು ಒಂದೇ ಬೆಳಕು. ಈ ಸಮಾನತೆಯಿಂದಾಗಿಯೇ ಸಲಕರಣೆಯ ಆಯ್ಕೆಗೆ ಇಲ್ಲಿ ಹೆಚ್ಚಿನ ಬೆಲೆ ಬರುತ್ತದೆ.

ಲೆನ್ಸಿನ ಮೇಲೆ ಎರಡು ಅಂಕಿಗಳು ಮುಖ್ಯ. ಮೊದಲನೆಯದು ಮಿಲಿಮೀಟರಿನಲ್ಲಿ ಹೇಳುವ ಫೋಕಲ್ ಲೆಂಗ್ತ್ ಅಥವಾ ಸಂಗಮದೂರ. ಇದು ಹೆಚ್ಚಿದಷ್ಟೂ ನೋಟ ಕಿರಿದಾಗಿ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ. ಎರಡನೆಯದು ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯ ಅಳತೆ. ಇದನ್ನು ಎಫ್ ಅಕ್ಷರದ ಮುಂದೆ ಬರೆಯುವ ಅಂಕಿಯಿಂದ ಸೂಚಿಸುತ್ತಾರೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಅಂಗಡಿಯಲ್ಲಿ ಎಲ್ಲರ ಕಣ್ಣು ಮೊದಲ ಅಂಕಿಯ ಮೇಲಿರುತ್ತದೆ, ಕಾಡಿನಲ್ಲಿ ತೀರ್ಪು ಕೊಡುವುದು ಬಹುಮಟ್ಟಿಗೆ ಎರಡನೆಯದು. ಎಫ್/4ರ ಕಿಂಡಿ ಎಫ್/6.3ರ ಕಿಂಡಿಗಿಂತ ಸುಮಾರು ಎರಡೂವರೆ ಪಟ್ಟು ಬೆಳಕನ್ನು ಒಳಬಿಡುತ್ತದೆ. ಬೆಳಗಿನ ಆರೂವರೆಗೆ ತೇಗ, ಮತ್ತಿ, ಹೊನ್ನೆ ಮರಗಳ ಕೆಳಗೆ ನಡೆದು ಬರುವ ಹುಲಿಯ ಹೆಜ್ಜೆ ಮಸುಕಾಗದಂತೆ ಹಿಡಿಯಲು ಷಟರ್ ವೇಗವನ್ನು ಸೆಕೆಂಡಿನ 500ನೇ ಒಂದು ಭಾಗದಲ್ಲಿ ಇಟ್ಟುಕೊಂಡರೆ, ಎಫ್/6.3ರಲ್ಲಿ ಐಎಸ್‌ಒ ಎಂಬ ಸಂವೇದನೆಯ ಅಳತೆಯನ್ನು 6400ಕ್ಕೆ ಏರಿಸಬೇಕಾದ ಜಾಗದಲ್ಲಿ ಎಫ್/4ಕ್ಕೆ 2500 ಸಾಕಾಗುತ್ತದೆ. ಐಎಸ್‌ಒ ಏರಿದಂತೆ ಚಿತ್ರದಲ್ಲಿ ಕಾಳುಕಾಳಾದ ಒರಟುತನ ಹೆಚ್ಚಿ, ಪ್ರಾಣಿಯ ತುಪ್ಪಳದ ನವಿರು ಮೊದಲು ಅಳಿಸಿಹೋಗುತ್ತದೆ.

ಹಾಗೆಂದು 600 ಮಿಲಿಮೀಟರಿನ ಎಫ್/4 ಲೆನ್ಸೇ ಬೇಕೆಂದು ಹೊರಡುವುದೂ ಸರಿಯಲ್ಲ. ಅಂಥ ಲೆನ್ಸಿನ ಮುಂಗಾಜಿನ ವ್ಯಾಸ ಭೌತಶಾಸ್ತ್ರದ ಲೆಕ್ಕದಲ್ಲೇ 150 ಮಿಲಿಮೀಟರಿಗೆ ಕಡಿಮೆಯಾಗುವಂತಿಲ್ಲ. ಆದ್ದರಿಂದ ಪ್ರಮುಖ ಕಂಪನಿಗಳ ಈಚಿನ ಮಾದರಿಗಳೂ ಮೂರು ಕಿಲೋಗ್ರಾಂ ಆಸುಪಾಸು ತೂಗುತ್ತವೆ, ಬೆಲೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ತುಂಬಿದ ಜೀಪಿನಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅದನ್ನು ತಿರುಗಿಸುವಷ್ಟರಲ್ಲಿ ಚಿರತೆ ಲಂಟಾನದ ಪೊದೆಗೆ ಹೊಕ್ಕಿರುತ್ತದೆ. ಸೋನಿಯ 200-600, ಕ್ಯಾನನ್ನಿನ 100-500 ಮಿಲಿಮೀಟರಿನ ಜೂಮ್ ಲೆನ್ಸುಗಳು ಬೆಳಕಿನಲ್ಲಿ ಹಿಂದುಳಿದರೂ ಚುರುಕಿನಲ್ಲಿ ಮುಂದಿವೆ; ಪ್ರಾಣಿ ಹತ್ತಿರ ಬಂದಾಗ ನೋಟವನ್ನು ಹಿಗ್ಗಿಸಿಕೊಳ್ಳುವ ಅವಕಾಶವನ್ನೂ ಕೊಡುತ್ತವೆ. ಚಿಕ್ಕ ಸೆನ್ಸರಿನ, ಅಂದರೆ ಬಿಂಬ ಮೂಡುವ ಫಲಕವು 36×24 ಮಿಲಿಮೀಟರಿಗಿಂತ ಕಿರಿದಾಗಿರುವ ಹಲವು ಕ್ಯಾಮೆರಾಗಳಲ್ಲಿ ಒಂದೂವರೆ ಪಟ್ಟಿನ ಲೆಕ್ಕದಂತೆ 400 ಮಿಲಿಮೀಟರಿನ ಲೆನ್ಸೇ 600ರಷ್ಟು ಕಿರಿದಾದ ನೋಟವನ್ನು ಕೊಡುತ್ತದೆ. ವರ್ಷಕ್ಕೊಮ್ಮೆ ಕಾಡಿಗೆ ಬರುವವರು ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ದೊರೆಯುವ ಲೆನ್ಸನ್ನು ತರುವುದೇ ಲೇಸು. ಲೆನ್ಸಿನ ಉದ್ದಕ್ಕೆ ತಕ್ಕಂತೆ ಸಫಾರಿಯ ಕ್ಯಾಮೆರಾ ಶುಲ್ಕ ಏರುವುದರಿಂದ ಚಾಲ್ತಿಯ ದರವನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಕಬಿನಿಗೆ ಜಗತ್ತಿನ ಛಾಯಾಗ್ರಾಹಕರನ್ನು ಸೆಳೆದದ್ದು ಕರಿಚಿರತೆ. ಇದು ಬೇರೆ ಜಾತಿಯ ಪ್ರಾಣಿಯಲ್ಲ. ಮೆಲನಿಸಂ ಎಂಬ ವಂಶವಾಹಿ ಗುಣದಿಂದ ಕಪ್ಪು ವರ್ಣಕ ಹೆಚ್ಚಾಗಿ ಹುಟ್ಟಿದ ಸಾಮಾನ್ಯ ಚಿರತೆಯೇ. ಅದರ ಮೈಮೇಲಿನ ಚುಕ್ಕೆಗಳು ಕಪ್ಪಿನೊಳಗೆ ಹುದುಗಿದ್ದು, ಓರೆಬಿಸಿಲು ಬಿದ್ದಾಗ ಮಾತ್ರ ತೋರುತ್ತವೆ. ಇಲ್ಲಿ ಕ್ಯಾಮೆರಾ ತಾನಾಗಿ ಮಾಡುವ ಲೆಕ್ಕ ತಪ್ಪುತ್ತದೆ. ಎದುರಿನ ದೃಶ್ಯದ ಸರಾಸರಿ ನಡುಬೂದು ಬಣ್ಣದ್ದೆಂದು ಭಾವಿಸಿ ಬೆಳಕನ್ನು ಅಳೆಯುವ ಯಂತ್ರ, ಚೌಕಟ್ಟನ್ನು ತುಂಬಿ ನಿಂತ ಕಪ್ಪು ಮೈಯನ್ನು ಕಂಡೊಡನೆ ಬೆಳಕು ಸಾಲದೆಂದು ತಿಳಿದು ಚಿತ್ರವನ್ನು ಬೆಳ್ಳಗಾಗಿಸುತ್ತದೆ, ಕರಿಚಿರತೆ ಬೂದು ಚಿರತೆಯಾಗುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ ಎಂಬ ಗುಂಡಿಯನ್ನು ಒಂದೆರಡು ಹಂತ ಕೆಳಕ್ಕೆ ತಿರುಗಿಸಿದರೆ ಕಪ್ಪು ಮರಳುತ್ತದೆ. ದಂಡೆಯ ಬೆಳ್ಳಕ್ಕಿಗೆ ಅದೇ ಗುಂಡಿಯನ್ನು ಮೇಲಕ್ಕೆ ತಿರುಗಿಸಬೇಕು. 2020ರ ಜುಲೈನಲ್ಲಿ ಜಾಲತಾಣಗಳಲ್ಲಿ ಹರಿದಾಡಿದ ಮಿಥುನ್ ಎಚ್. ಅವರು ತೆಗೆದ ಚಿತ್ರದಲ್ಲಿ ಚುಕ್ಕೆಯ ಹೆಣ್ಣು ಚಿರತೆಯ ಹಿಂದೆ ಸಾಯಾ ಎಂಬ ಕರಿಚಿರತೆ ನಿಂತಿದೆ. ಅದು ಹೆಣ್ಣಿನ ನೆರಳೆಂದೇ ಮೊದಲ ನೋಟಕ್ಕೆ ಅನಿಸುವುದು ಆ ಕಪ್ಪು ಕಪ್ಪಾಗಿಯೇ ಉಳಿದಿರುವ ಕಾರಣದಿಂದ.

ಅಲುಗಾಟವನ್ನು ತಡೆಯುವ ಸಾಧನಗಳಲ್ಲಿ ಅತ್ಯಂತ ಅಗ್ಗದ್ದೇ ಕಬಿನಿಯ ಜೀಪಿಗೆ ಅತ್ಯಂತ ಯೋಗ್ಯವಾದದ್ದು. ಮೂರು ಕಾಲಿನ ಟ್ರೈಪಾಡಿಗೆ ಸೀಟುಗಳ ನಡುವೆ ಜಾಗವಿಲ್ಲ. ಬೀನ್ ಬ್ಯಾಗ್ ಎಂದು ಕರೆಯುವ ಗಟ್ಟಿ ಬಟ್ಟೆಯ ಚೀಲವನ್ನು ಜೀಪಿನ ಅಡ್ಡಕಂಬಿಯ ಮೇಲೆ ಇಳಿಬಿಟ್ಟು, ನಡುವೆ ಅಂಗೈಯಿಂದ ಒತ್ತಿ ತಗ್ಗು ಮಾಡಿ, ಲೆನ್ಸನ್ನು ಅದರಲ್ಲಿ ಕೂರಿಸಿದರೆ ಒಳಗಿನ ಕಾಳು ಸರಿದು ಲೆನ್ಸಿನ ಮೈಗೆ ಅಚ್ಚೊತ್ತಿದಂತೆ ಹೊಂದಿಕೊಳ್ಳುತ್ತದೆ. ಚೀಲವನ್ನು ಖಾಲಿಯಾಗಿ ತಂದು, ಎಚ್.ಡಿ. ಕೋಟೆಯ ದಿನಸಿ ಅಂಗಡಿಯಲ್ಲಿ ಎರಡು ಮೂರು ಕಿಲೋ ಹುರುಳಿಯನ್ನೋ ಅಕ್ಕಿಯನ್ನೋ ತುಂಬಿಸಿಕೊಂಡು, ಹೊರಡುವಾಗ ಆ ಕಾಳನ್ನು ಯಾರಿಗಾದರೂ ಕೊಟ್ಟುಬಿಡಬಹುದು. ವಿಮಾನದಲ್ಲಿ ಬರುವ ಹೊರನಾಡ ಕನ್ನಡಿಗರಿಗೆ ಈ ಉಳಿತಾಯ ಇನ್ನೂ ದೊಡ್ಡದು. ಆದರೆ ಜೀಪಿನ ಎಂಜಿನ್ ಓಡುತ್ತಿದ್ದರೆ ಅದರ ನಡುಕ ಕಂಬಿಯ ಮೂಲಕವೇ ಲೆನ್ಸಿಗೆ ದಾಟುತ್ತದೆ. ಜಿಂಕೆಯ ಅಥವಾ ಮುಸುವನ ಎಚ್ಚರಿಕೆಯ ಕೂಗು ಕೇಳಿದೊಡನೆ ಅನುಭವಿ ಚಾಲಕರು ಎಂಜಿನ್ ಆರಿಸುವುದು ಕೂಗಿನ ದಿಕ್ಕನ್ನು ಹಿಡಿಯುವುದಕ್ಕೆ. ಅದರಿಂದ ಛಾಯಾಗ್ರಾಹಕರಿಗೂ ಉಪಕಾರವಾಗುತ್ತದೆ. ದೋಣಿಯಲ್ಲಿ ಹಲಗೆಯೇ ಅಲುಗಾಡುವುದರಿಂದ ಲೆನ್ಸನ್ನು ಕೈಯಲ್ಲೇ ಹಿಡಿಯುವುದು ಮೇಲು. ಮುಳುಗಿದ ಕಾಡಿನ ಒಣಮರಗಳ ಮೇಲೆ ರೆಕ್ಕೆ ಹರಡಿ ಕೂರುವ ನೀರುಕಾಗೆ, ಹಾವಕ್ಕಿಗಳು ಅಲ್ಲಿಂದ ಕಣ್ಣಿನ ಮಟ್ಟಕ್ಕೇ ಸಿಗುತ್ತವೆ.

ಐಷಾರಾಮವೇ ಸಲಕರಣೆಗೆ ತೊಡಕಾಗುವ ಸಂದರ್ಭವೂ ಒಂದಿದೆ. ಹವಾನಿಯಂತ್ರಿತ ಕೊಠಡಿಯಲ್ಲಿ ರಾತ್ರಿಯಿಡೀ ತಣ್ಣಗಿದ್ದ ಲೆನ್ಸನ್ನು ನಸುಕಿನಲ್ಲಿ ಹಿನ್ನೀರಿನ ತೇವದ ಗಾಳಿಗೆ ಒಮ್ಮೆಗೇ ತೆರೆದಾಗ ಆವಿ ಗಾಜಿನ ಮೇಲೆ ಹನಿಗಟ್ಟಿ ಮಂಜು ಮುಸುಕುತ್ತದೆ. ಹೊರಮೈಯನ್ನು ಒರೆಸಬಹುದು, ಒಳಗಾಜಿನದು ಆರುವವರೆಗೆ ಕಾಯಬೇಕು. ಕ್ಯಾಮೆರಾ ಚೀಲವನ್ನು ಮುಚ್ಚಿದಂತೆಯೇ ಸಫಾರಿಗೆ ಒಂದು ಗಂಟೆ ಮೊದಲು ಮುಚ್ಚಿದ ಜಗಲಿಗೆ ತಂದಿಟ್ಟರೆ ಒಳಗಿನ ವಸ್ತುಗಳು ಮೆಲ್ಲಗೆ ಹೊರಗಿನ ಉಷ್ಣಕ್ಕೆ ಬರುತ್ತವೆ. ಕಪಿಗಳ ಕಾಟವಿರುವುದರಿಂದ ಕಾವಲು ಬೇಕು. ಮಳೆಗಾಲದ ತೇವದಲ್ಲಿ ಗಾಜಿನ ಮೇಲೆ ಬೂಷ್ಟು ಬೆಳೆದರೆ ಅದರ ಆಮ್ಲ ಲೇಪವನ್ನೇ ತಿನ್ನುವುದರಿಂದ ಊರಿಗೆ ಮರಳಿದ ಮೇಲೆ ಸಿಲಿಕಾ ಜೆಲ್ ಇಟ್ಟ ಬಿಗಿಮುಚ್ಚಳದ ಡಬ್ಬಿಯಲ್ಲಿ ಲೆನ್ಸನ್ನು ಕಾಪಾಡಬೇಕು. ಬೇಸಿಗೆಯ ಕೆಂಧೂಳಿನಲ್ಲಿ ಲೆನ್ಸು ಬದಲಿಸುವುದು ಸೆನ್ಸರಿಗೆ ಅಪಾಯ. ಬೇರೆ ಬೇರೆ ಲೆನ್ಸು ತೊಡಿಸಿದ ಎರಡು ಕ್ಯಾಮೆರಾಗಳಿದ್ದರೆ ಆ ಗೊಡವೆಯಿಲ್ಲ. ಬಿಡಿ ಬ್ಯಾಟರಿಗಳನ್ನು ವಿಮಾನದ ಕೈಚೀಲದಲ್ಲೇ ಒಯ್ಯಬೇಕೆಂಬುದು ನಿಯಮ. 100 ವ್ಯಾಟ್-ಗಂಟೆಯ ಒಳಗಿನವುಗಳಿಗೆ ವಿಶೇಷ ಅನುಮತಿ ಬೇಡ, ಸಾಮಾನ್ಯ ಕ್ಯಾಮೆರಾ ಬ್ಯಾಟರಿ 16ರ ಆಸುಪಾಸಿನಲ್ಲಿರುತ್ತದೆ.

ಯಾವ ಲೆನ್ಸೂ ಗೆಲ್ಲಲಾರದ ಒಂದು ಅಡ್ಡಿಯೆಂದರೆ ಬಿಸಿಗಾಳಿ. ಹೊತ್ತೇರಿದಂತೆ ಕಾದ ನೆಲದ ಮೇಲಿನ ಗಾಳಿಯ ಪದರಗಳು ಬೆಳಕನ್ನು ಬಾಗಿಸಿ ದೂರದ ಆನೆಯನ್ನು ನಡುಗುವ ಬಿಂಬವನ್ನಾಗಿ ಮಾಡುತ್ತವೆ. ಲೆನ್ಸು ಉದ್ದವಾದಷ್ಟೂ ಈ ನಡುಕ ಹೆಚ್ಚು ಕಾಣುತ್ತದೆ. ಹತ್ತಿರ ಹೋಗುವುದೊಂದೇ ಪರಿಹಾರ, ಕಾಡಿನಲ್ಲಿ ಅದು ಪ್ರಾಣಿಯ ಇಷ್ಟಕ್ಕೆ ಬಿಟ್ಟದ್ದು. ಇನ್ನಷ್ಟು ಹತ್ತಿರ ಒಯ್ಯುವಂತೆ ಚಾಲಕರನ್ನು ಪೀಡಿಸುವುದು, ಬಕ್ಷೀಸಿನ ಆಸೆ ತೋರಿಸುವುದು, ಫ್ಲ್ಯಾಷ್ ಹೊಡೆಯುವುದು ಇವು ನಿಯಮಬಾಹಿರವಷ್ಟೇ ಅಲ್ಲ, ಪ್ರಾಣಿಯ ಬದುಕಿಗೆ ಕೈಹಾಕುವ ಕೃತ್ಯಗಳು. 2025ರ ನವೆಂಬರಿನಲ್ಲಿ ಕಾಡಂಚಿನ ಹಳ್ಳಿಗಳ ಜನ ಹುಲಿ ದಾಳಿಗೆ ಬಲಿಯಾದಾಗ ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ಸ್ಥಗಿತಗೊಳಿಸಿತು. ದುಬಾರಿ ಪ್ರವಾಸದ ನಕ್ಷೆಯಲ್ಲಿ ಕಾಣದ ಆ ಹಳ್ಳಿಗಳ ಹೊಲ, ದನ, ಜೀವಗಳು ಇದೇ ಕಾಡಿಗೆ ತಾಗಿಕೊಂಡಿವೆ ಎಂಬುದನ್ನು ಆ ನಿರ್ಧಾರ ಎಲ್ಲರ ಗಮನಕ್ಕೂ ತಂದಿತು.

ಕಬಿನಿಯಲ್ಲಿ ಮಾತ್ರ ತೆಗೆಯಬಹುದಾದ ಚಿತ್ರ ಯಾವುದೆಂದು ಕೇಳಿದರೆ, ಹುಲಿ ಚಿರತೆಗಳಿಗಿಂತ ಮೊದಲು ಬೇಸಿಗೆಯ ಆನೆಗಳ ಕೂಟವನ್ನೇ ಹೇಳಬೇಕು. ಮಾರ್ಚಿನಿಂದ ಮೇ ತಿಂಗಳವರೆಗೆ ಹಿನ್ನೀರು ಇಳಿದು ಬಯಲಾದ ಮಣ್ಣಿನಲ್ಲಿ ಎಳೆಹುಲ್ಲು ಚಿಗುರುತ್ತದೆ; ಒಳಕಾಡಿನ ಕೆರೆಗಳು ಒಣಗಿದ ಹೊತ್ತಿಗೆ ಸುತ್ತಲಿನ ಕಾಡುಗಳ ಹಿಂಡುಗಳು ಆ ಹುಲ್ಲು ನೀರುಗಳಿಗಾಗಿ ನೂರಾರು ಸಂಖ್ಯೆಯಲ್ಲಿ ದಂಡೆಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕಾಣಸಿಗುವ ಜಾಗಗಳು ಬಹಳ ಕಡಿಮೆ. ಒಂದು ಆನೆಯ ಕಣ್ಣಿಗೋ ದಂತಕ್ಕೋ ಲೆನ್ಸನ್ನು ಬಿಗಿದವರು ಈ ದೃಶ್ಯದ ಹಿರಿಮೆಯನ್ನು ಕಳೆದುಕೊಳ್ಳುತ್ತಾರೆ. ಮರಿಗಳನ್ನು ನಡುವಿಟ್ಟು ಸಾಗುವ ಹಿಂಡು, ಅದು ಎಬ್ಬಿಸಿದ ಧೂಳಿನಲ್ಲಿ ತೂರುವ ಸಂಜೆಬಿಸಿಲು, ಆಚೆ ದಡದ ಬಂಡೀಪುರದ ಕಾಡು ಇವೆಲ್ಲ ಒಂದೇ ಚೌಕಟ್ಟಿನೊಳಗೆ ಬರಲು 70-200 ಮಿಲಿಮೀಟರಿನ ಸಾಧಾರಣ ಲೆನ್ಸು ಸಾಕು, ಒಮ್ಮೊಮ್ಮೆ ಅದೂ ಹೆಚ್ಚು. ಮಳೆ ಚೆನ್ನಾಗಿ ಆಗಿ ಅಣೆಕಟ್ಟೆಯಲ್ಲಿ ನೀರು ನಿಂತ ವರ್ಷಗಳಲ್ಲಿ ಹುಲ್ಲಿನ ಬಯಲು ತಡವಾಗಿ ತೆರೆದುಕೊಳ್ಳುತ್ತದೆ, ಹಿಂಡುಗಳೂ ತಡವಾಗಿ ಬರುತ್ತವೆ. ಆದ್ದರಿಂದ ಕೊಠಡಿ ಕಾಯ್ದಿರಿಸಲು ದೂರವಾಣಿ ಮಾಡುವವರು ಕೋಣೆಯ ಸೌಕರ್ಯಗಳಿಗಿಂತ ಮೊದಲು, ಸಫಾರಿ ನಡೆಯುತ್ತಿದೆಯೇ ಮತ್ತು ಹಿನ್ನೀರಿನ ಮಟ್ಟ ಎಷ್ಟಿದೆ ಎಂದು ಕೇಳಬೇಕು.